ಉಗುಳುವುದಕ್ಕೆ ಸ್ಪೇನಿಗೆ ಹೋಗಬೇಕೇ?

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಸ್ಪೇನ್ ದೇಶದ ಒಂದು ಬಾಟಲಿ ಇದೆ. ಅದರಲ್ಲಿ ಈಗ ಕೊಬ್ಬರಿ ಎಣ್ಣೆ ತುಂಬಿಟ್ಟಿದ್ದೇನೆ. ಚಳಿ ಬಿತ್ತೆಂದರೆ ಎಣ್ಣೆ ಗಟ್ಟಿಯಾಗಿ ಅದರ ಸಪೂರ ಕುತ್ತಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ನನ್ನ ಸೊಸೆ ಬಾಟಲಿಯನ್ನು ಒಲೆಯ ಹತ್ತಿರ ಬೋರಲು ಹಿಡಿದುಕೊಂಡು, "ಅತ್ತೆ, ಊರಲ್ಲಿ ಬೇರೆ ಬಾಟ್ಲಿ ಇರ್ಲಿಲ್ವಾ?" ಎನ್ನುತ್ತಾಳೆ. ಆಮೇಲೆ ಗೋಡೆಯ ಕಡೆ ತಿರುಗಿ ಇನ್ನೂ ನಾಲ್ಕು ಮಾತು ಹೇಳುತ್ತಾಳೆ. ನನಗೆ ಕಿವಿ ಮಂದ ಎಂದು ಊರಿಗೆಲ್ಲ ಗೊತ್ತಿರುವುದರಿಂದ ಗೋಡೆಗೆ ಹೇಳಿದ್ದು ಗೋಡೆಗೇ ಹೋಯಿತು ಎಂದುಕೊಂಡಿದ್ದಾಳೆ. ಇರಲಿ.

ಬಾಟಲಿಯ ಮೇಲೆ ಒಂದು ದ್ರಾಕ್ಷಿ ಗೊಂಚಲಿನ ಚಿತ್ರ, ಕೆಳಗೆ ಏನೇನೋ ಅಕ್ಷರ. ಅದನ್ನು ಓದುವ ಮಾತೇ ಇಲ್ಲ. ನಾನು ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುವವಳು. ಎರಡನೇ ಕ್ಲಾಸಿನಲ್ಲಿ ಮೇಷ್ಟ್ರು ಒತ್ತಕ್ಷರ ಶುರು ಮಾಡಿದ ವಾರವೇ ನಮ್ಮ ಅವ್ವ ನನ್ನನ್ನು ಅಡಿಕೆ ಹೆಕ್ಕಲು ಕರೆದುಕೊಂಡು ಹೋದಳು. ಅಂದಿನಿಂದ ನನಗೂ ಒತ್ತಕ್ಷರಕ್ಕೂ ಅಷ್ಟಕ್ಕಷ್ಟೆ.

ಬಾಟಲಿ ಬಂದದ್ದು ಹರಿಹರಪುರದ ಹತ್ತಿರದ ಒಂದು ಹೋಂ ಸ್ಟೇಯಿಂದ. ಅಲ್ಲಿ ನಾನು ವಾರದಲ್ಲಿ ಮೂರು ದಿನ ಕಡುಬು, ಅಕ್ಕಿರೊಟ್ಟಿ ಮಾಡಿಕೊಡುತ್ತೇನೆ. ಒಮ್ಮೆ ಸ್ಪೇನಿನ ಗಂಡ ಹೆಂಡತಿ ಬಂದು ನಾಲ್ಕು ದಿನ ಉಳಿದರು. ಆ ಹೆಂಗಸು ನನ್ನಷ್ಟೇ ವಯಸ್ಸಿನವಳು, ನನಗಿಂತ ಚೆನ್ನಾಗಿ ಕಡುಬು ತಿನ್ನುವವಳು. ಹೊರಡುವ ಹಿಂದಿನ ದಿನ ಬಾಟಲಿ ತೆಗೆದು ನನಗೂ ಒಂದು ಲೋಟ ಬಗ್ಗಿಸಿದಳು.

"ಇದು ಡ್ರೈ ವೈನ್ ಅಂತೆ ಪುಟ್ಟಮ್ಮ, ಒಣಾ ವೈನು" ಎಂದರು ಹೋಂ ಸ್ಟೇ ಯಜಮಾನ್ತಿ.

ನಾನು ಲೋಟದೊಳಗೆ ಬೆರಳು ಅದ್ದಿ ನೋಡಿದೆ. "ಒದ್ದೆಯೇ ಇದೆಯಲ್ಲ ಅಮ್ಮ" ಎಂದೆ.

ಕುಡಿದೆ. ನಾಲಿಗೆ ಒಳಗೊಳಗೇ ಮಡಚಿಕೊಂಡಿತು, ಕೆನ್ನೆ ಹಲ್ಲಿಗೆ ಅಂಟಿತು. ಇದಕ್ಕೆ ನಮ್ಮಲ್ಲಿ ಬೇರೆಯೇ ಮಾತಿದೆ. "ಇದು ಒಣ ಅಲ್ಲ, ಚೊಗರು" ಎಂದೆ. ಆ ಹೆಂಗಸಿಗೆ ಮಾತು ಬಹಳ ಹಿಡಿಸಿತು. "ಚೋಗರೂ, ಚೋಗರೂ" ಎಂದು ಕೋಗಿಲೆಯ ಹಾಗೆ ನಾಲ್ಕು ಸಲ ಹೇಳಿಕೊಂಡಳು.

ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಕೆಂಪಗೆ ಒಂದು ರಸ ಉಳಿಯುತ್ತದೆ. ಅದನ್ನು ಚೆಲ್ಲುವುದಿಲ್ಲ, ಮುಂದಿನ ಅಡಿಕೆಗೆ ಬಣ್ಣ ಕಟ್ಟಲು ಇಟ್ಟುಕೊಳ್ಳುತ್ತಾರೆ. ಆ ರಸದ ಹೆಸರೂ ಚೊಗರು, ಬಾಯಿ ಒತ್ತಿಕೊಳ್ಳುವ ಆ ರುಚಿಯ ಹೆಸರೂ ಚೊಗರು. ನಲವತ್ತು ವರ್ಷ ನಾನು ಕಂಡವರ ಮನೆಯ ಅಡಿಕೆ ಬೇಯಿಸಿದ್ದೇನೆ. ಒಂದು ಹನಿ ನಾಲಿಗೆಗೆ ಹಚ್ಚಿ, ಇದು ಎಷ್ಟನೇ ಹಂಡೆಯದು, ಇನ್ನೆಷ್ಟು ನೀರು ಬೇಕು ಎಂದು ಹೇಳುತ್ತಿದ್ದೆ. ಓದಿದವರಿಗೆ ಸರ್ಟಿಫಿಕೇಟ್ ಇರುತ್ತದೆ. ನನಗಿದ್ದದ್ದು ಆ ನಾಲಿಗೆ ಒಂದೇ.

ಆ ಸ್ಪೇನಿನವಳು ಯಜಮಾನ್ತಿಯ ಬಾಯಿಂದ ತನ್ನ ಊರಿನ ಸಂಗತಿ ಹೇಳಿಸಿದಳು. ಅಲ್ಲಿ ಶನಿವಾರ ಭಾನುವಾರ ಗೆಳತಿಯರು ಸೇರಿ ಊರಿಂದ ಊರಿಗೆ ಹೋಗುತ್ತಾರಂತೆ. ಹೋದಲ್ಲೆಲ್ಲ ವೈನನ್ನು ಬಾಯಿಗೆ ಹಾಕಿ, ಆಚೆ ಈಚೆ ಹೊರಳಿಸಿ, ರುಚಿ ನೋಡಿ ಉಗುಳುತ್ತಾರಂತೆ. ನುಂಗುವುದಿಲ್ಲವಂತೆ.

ಮಾರನೇ ದಿನ ಇದನ್ನು ಗಿರಿಜನಿಗೆ ಹೇಳಿದೆ. ಗಿರಿಜ ನಮ್ಮ ಪಕ್ಕದ ಮನೆಯವಳು, ಅಡಿಕೆ ಸುಲಿಯುವುದರಲ್ಲಿ ನನ್ನ ಜೊತೆಗಾತಿ. ಬಾಯಿತುಂಬ ಎಲೆ ಅಡಿಕೆ ಇಟ್ಟುಕೊಂಡು ಕೇಳಿದಳು. ಆಮೇಲೆ ಎದ್ದು ಎರಡು ಬೆರಳು ತುಟಿಗಿಟ್ಟು ಅಂಗಳ ದಾಟಿಸಿ ಬಾಳೆಬುಡಕ್ಕೆ ಉಗುಳಿ ಬಂದು, "ಉಗುಳೋದಕ್ಕೆ ಸ್ಪೇನಿಗೆ ಎಂತಕ್ಕೆ ಹೋಗ್ಬೇಕೇ?" ಎಂದಳು.

ಅದೂ ಸರಿಯೇ. ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸುತ್ತ ಮನೆಯಲ್ಲೇ ವೈನ್ ಮಾಡುವವರು ಇದ್ದಾರೆ. ಮಾರುವುದಕ್ಕಲ್ಲ. ಕೇಳಿದರೆ ಒಬ್ಬರೂ ವೈನ್ ಎನ್ನುವುದಿಲ್ಲ. ಒಬ್ಬರಿಗೆ ಔಷಧಿ, ಇನ್ನೊಬ್ಬರಿಗೆ ಶರಬತ್ತು, ಮತ್ತೊಬ್ಬರಿಗೆ ಹಬ್ಬದ ಪ್ರಸಾದ. ನರಸಿಂಹರಾಜಪುರದಲ್ಲಿ ನಮ್ಮ ಏಲಿಯಮ್ಮ ಇದ್ದಾಳೆ. ಅವಳ ಅಪ್ಪನ ಕಾಲದಲ್ಲಿ ಕೇರಳದಿಂದ ಬಂದು ನೆಲೆ ನಿಂತವರು. ನಮ್ಮ ಜೊತೆ ಒಂದೇ ಚಪ್ಪರದಡಿ ಅಡಿಕೆ ಸುಲಿದವಳು. ಅವಳು ಪ್ರತಿ ಕ್ರಿಸ್ಮಸ್ಸಿಗೆ ದೊಡ್ಡ ಭರಣಿಯಲ್ಲಿ ದ್ರಾಕ್ಷಿ ವೈನ್ ಹಾಕುತ್ತಾಳೆ. ಸ್ಪೇನಿನವರ ಹಾಗೆ ನಾವು ಮೂವರೂ ಊರೂರು ಸುತ್ತಿ ರುಚಿ ನೋಡಿ ಬರೋಣ ಎಂದು ಅವಳಿಗೆ ಫೋನ್ ಮಾಡಿದೆ. "ಎಂಡೆ ಕರ್ತಾವೇ, ಈ ಮುದುಕಿಯರಿಗೆ ಹುಚ್ಚು ಹಿಡೀತು" ಎಂದು ತನ್ನ ಮಲಯಾಳದಲ್ಲಿ ದೇವರನ್ನು ಕರೆದು ನಕ್ಕಳು. ಶುಕ್ರವಾರ ಸಂಜೆಯ ಬಸ್ಸಿಗೆ ಚೀಲ ಹಿಡಿದು ಬಂದೇ ಬಂದಳು.

ಇಲ್ಲಿ ಅಡಕತ್ತರಿಯ ಕಥೆ ಹೇಳಬೇಕು.

ನಮ್ಮ ಅವ್ವನ ಹತ್ತಿರ ಒಂದು ಅಡಕತ್ತರಿ ಇತ್ತು. ಹಿತ್ತಾಳೆ ಹಿಡಿಯದು, ತುದಿಯಲ್ಲಿ ಗಿಳಿಯ ಮೂತಿ. ಅವ್ವ ಸಾಯುವಾಗ ನನಗೆ ಬಿಟ್ಟು ಹೋದದ್ದು ಅದು ಮತ್ತು ಮೊಣಕಾಲು ನೋವು, ಎರಡೇ. ಮೂವತ್ತು ವರ್ಷದ ಹಿಂದೆ ಅಡಿಕೆ ಸುಲಿಯುವ ಚಪ್ಪರದಲ್ಲಿ ಗಿರಿಜ ನನ್ನ ಕಣ್ಣಿಗೆ ಬಟ್ಟೆ ಕಟ್ಟಿದಳು. ಎರಡು ಬಟ್ಟಲು ಚೊಗರು ಕೊಟ್ಟು, ಯಾವುದು ಹೋದ ವರ್ಷದ್ದು, ಯಾವುದು ಈ ವರ್ಷದ್ದು ಹೇಳು ಎಂದಳು. ಸೋತರೆ ಅಡಕತ್ತರಿ ಅವಳಿಗೆ. ನಾನು ರುಚಿ ನೋಡಿದೆ. ಎರಡೂ ಒಂದೇ ಎಂದು ನಾಲಿಗೆ ಹೇಳಿತು. ಹಾಗೆ ಹೇಗಾಗುತ್ತದೆ ಎಂದು ತಲೆ ಹೇಳಿತು. ನಾಲಿಗೆಯ ಮಾತು ಬಿಟ್ಟು ತಲೆಯ ಮಾತು ಕೇಳಿದೆ. ಬಲಗಡೆಯದು ಹಳೆಯದು ಎಂದೆ. ತಪ್ಪು ಎಂದಳು. ಚಪ್ಪರವೆಲ್ಲ ಹೋ ಎಂದಿತು. ಎರಡು ಬಟ್ಟಲಿಗೂ ಒಂದೇ ಹಂಡೆಯದನ್ನು ತುಂಬಿದ್ದಳು ಎಂಬುದು ಆಮೇಲೆ ನನಗೆ ಗೊತ್ತಾಯಿತು. ಕೇಳಿದರೆ ಇಲ್ಲವೇ ಇಲ್ಲ ಎಂದಳು. ಅಂದಿನಿಂದ ಆ ಗಿಳಿ ಅವಳ ಸೊಂಟದಲ್ಲಿ. ದಿನವೂ ನನ್ನ ಜಗಲಿಗೇ ಬಂದು ಕೂತು, ನನ್ನ ಎದುರೇ ಅಡಿಕೆ ಕತ್ತರಿಸುವುದು. ನಾನು ಕೈ ಒಡ್ಡಿ ಒಂದು ಹೋಳು ಕೇಳಬೇಕು. ಮೂವತ್ತು ವರ್ಷ ಕೇಳಿದ್ದೇನೆ.

ಶುಕ್ರವಾರ ಜಗಲಿಯಲ್ಲಿ ಮೂವರೂ ಕೂತಿದ್ದಾಗ ನಾನೇ ಮಾತು ತೆಗೆದೆ. "ಗಿರಿಜ, ಇನ್ನೊಂದ್ಸಲ ಕಣ್ಣು ಕಟ್ಟು. ನಾಲ್ಕು ಮನೆ ವೈನ್ ನೋಡ್ತೀವಲ್ಲ, ಕೊನೆಗೆ ಯಾವ ಲೋಟ ಯಾವ ಮನೇದು ಅಂತ ಹೇಳ್ತೀನಿ. ನಾಲ್ಕೂ ಸರಿ ಆದ್ರೆ ಅಡ್ಕತ್ರಿ ನಂದು."

"ತಪ್ಪಿದ್ರೆ?"

"ಎಂತ ಬೇಕು ಹೇಳು."

ಗಿರಿಜ ಯೋಚನೆ ಮಾಡಲೂ ಇಲ್ಲ. "ನಮ್ಮ ಹೆಂಗಸ್ರ ಸಂಘದ ಮೀಟಿಂಗಲ್ಲಿ ಎಲ್ರ ಎದುರು ಎದ್ದು ನಿಂತು, ಚೊಗರು ನೋಡೋದ್ರಲ್ಲಿ ಗಿರಿಜ ನಂಗಿಂತ ಮೇಲು ಅನ್ಬೇಕು. ಮೈಕಲ್ಲಿ."

ಮೈಕಿನ ಮಾತು ಕೇಳಿದ ಮೇಲೂ ಒಪ್ಪಿಕೊಂಡೆ. ಏಲಿಯಮ್ಮ ಒಂದು ನಿಯಮ ಹಾಕಿದಳು, ಎರಡು ದಿನ ನಾನು ಎಲೆ ಅಡಿಕೆ ಮುಟ್ಟಬಾರದು, ನಾಲಿಗೆ ತೊಳೆದಿಟ್ಟ ಹಾಗಿರಬೇಕು ಎಂದು. ದುಬೈ ಹೋಟೆಲಿನಲ್ಲಿ ಕೆಲಸ ಮಾಡಿ ಬಂದ ತನ್ನ ತಮ್ಮ ಚಾಕೋ ತೀರ್ಪು ಹೇಳಲಿ ಎಂದಳು. ಅವನಿಗೆ ವೈನ್ ಬಗ್ಗೆ ಎಲ್ಲ ಗೊತ್ತಂತೆ.

ಎಲೆ ಅಡಿಕೆ ಇಲ್ಲದ ಬಾಯಿ ಹೇಗಿರುತ್ತದೆ ಎಂದು ನಾನು ಹೇಳಿದರೆ ನೀವು ನಂಬುವುದಿಲ್ಲ. ದನ ಕಟ್ಟದ ಕೊಟ್ಟಿಗೆಯ ಹಾಗೆ. ದವಡೆಗೆ ಕೆಲಸವಿಲ್ಲ, ನಾಲಿಗೆ ಖಾಲಿ ಹಲ್ಲಿನ ಸಂದಿಯನ್ನೆಲ್ಲ ಎಣಿಸುತ್ತದೆ. ಶನಿವಾರ ಬೆಳಿಗ್ಗೆ ಶೃಂಗೇರಿ ಬಸ್ಸು ಹತ್ತಿದಾಗಿನಿಂದ ಸಿಕ್ಕಿದವರ ಮೇಲೆಲ್ಲ ರೇಗಿದೆ. ಕಂಡಕ್ಟರ್ ಎರಡು ಸಲ "ಅಜ್ಜೀ, ಎಲ್ಲಿಗೆ?" ಎಂದ. ಗಿರಿಜ ನನ್ನ ಕಿವಿಗೆ ಬಾಯಿಟ್ಟು, "ಎಲ್ಲಿಗೆ ಅಂತ ಕೇಳ್ತಿದಾನೆ!" ಎಂದು ಬಸ್ಸೇ ತಿರುಗಿ ನೋಡುವಂತೆ ಕೂಗಿದಳು. ಆಮೇಲೆ ಕಂಡಕ್ಟರಿಗೆ, "ಪಾಪ, ಇವಳಿಗೆ ಕಿವಿ ಹೋಗಿ ವರ್ಷ ಐದಾತು ಮಾರಾಯ" ಎಂದು ಮೆಲ್ಲಗೆ ಹೇಳಿದಳು. ಕೇಳಿಸಿತು.

ಶೃಂಗೇರಿ ಹತ್ತಿರ ನಾನು ಹಿಂದೆ ಅಡಿಕೆ ಬೇಯಿಸುತ್ತಿದ್ದ ಒಬ್ಬ ಭಟ್ಟರ ಮನೆ. ಅವರು ಒಣದ್ರಾಕ್ಷಿ, ಬೆಲ್ಲ, ಲವಂಗ ಹಾಕಿ ಒಂದು ಭರಣಿ ನೆಲದಲ್ಲಿ ಹೂತಿಡುತ್ತಾರೆ.

"ಭಟ್ರೆ, ನಿಮ್ಮನೆ ಔಷಧಿ ರುಚಿ ನೋಡಕ್ಕೆ ಬಂದ್ವಿ" ಎಂದೆ.

"ಔಷಧಿ ಇರೋದು ರುಚಿಗಲ್ಲ ಪುಟ್ಟಮ್ಮ, ರೋಗಕ್ಕೆ. ಎಂತ ರೋಗ?"

ಗಿರಿಜ ಮುಂದೆ ಬಂದಳು. "ನಿನ್ನೆಯಿಂದ ಇವಳು ಎಲೆ ಅಡಿಕೆ ಬಿಟ್ಟಿದಾಳೆ ಭಟ್ರೆ. ಅದೇ ರೋಗ."

ಭಟ್ಟರು ನಕ್ಕು ಒಳಗೆ ಹೋಗಿ ತಂದರು. ಅಳತೆಗೆ ಎರಡೆರಡು ಚಮಚ. ನಾನು ಬಾಯಲ್ಲಿ ಹೊರಳಿಸಿದೆ. ಸಿಹಿ, ಹಿಂದಿನಿಂದ ಲವಂಗ, ಅದರ ಹಿಂದೆ ಒಂದು ಚೂರು ಬಿಸಿ. ಗಿರಿಜ ಸ್ಪೇನಿನ ಪದ್ಧತಿ ಬಿಡಬಾರದು ಎಂದು ಎದ್ದು, ಎರಡು ಬೆರಳು ತುಟಿಗಿಟ್ಟು, ಅಂಗಳ ದಾಟಿಸಿ ಉಗುಳಿದಳು. ಗುರಿ ಚೆನ್ನಾಗಿತ್ತು. ಆದರೆ ಭಟ್ಟರ ಮುಖ ಕೆಂಪಗಾಯಿತು.

"ಆರು ತಿಂಗಳು ಹೂತಿಟ್ಟದ್ದು! ಉಗುಳೋದಾ?"

"ಚೆನ್ನಾಗಿದೆ ಅಂತಲೇ ಉಗುಳಿದ್ದು ಭಟ್ರೆ. ಸ್ಪೇನಲ್ಲಿ ಹಂಗೇ" ಎಂದಳು ಗಿರಿಜ. ಅವರು ನಂಬಲಿಲ್ಲ. ಆದರೂ ಅವರ ಹೆಂಡತಿ ಹಿಂದಿನ ಬಾಗಿಲಿನಲ್ಲಿ ಏಲಿಯಮ್ಮನಿಗೆ ಒಂದು ಔಷಧಿ ಸೀಸೆ ತುಂಬಿಸಿ ಕೊಟ್ಟರು. ತಗಡಿನ ಮುಚ್ಚಳದ್ದು, ತಿರುಗಿಸಿದರೆ ಕರಕರ ಎನ್ನುವುದು. ಸೀಸೆಗಳನ್ನೆಲ್ಲ ಏಲಿಯಮ್ಮನೇ ಇಟ್ಟುಕೊಳ್ಳಬೇಕು ಎಂದು ಮೊದಲೇ ಮಾತಾಗಿತ್ತು. ನಾವಿಬ್ಬರೂ ಒಬ್ಬರನ್ನೊಬ್ಬರು ನಂಬುವ ಹೆಂಗಸರಲ್ಲ.

ಅಲ್ಲಿಂದ ಬಸ್ಸು, ಆಮೇಲೆ ಜೀಪು, ಬಸರೀಕಟ್ಟೆ. ಅಲ್ಲಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಹೆಂಡತಿ ಕಾಫಿ ಹಣ್ಣಿನ ಸಿಪ್ಪೆಯಿಂದ ವೈನ್ ಮಾಡುತ್ತಾಳೆ. ಮೊಬೈಲು ನೋಡಿ ಕಲಿತವಳು. ಕಾಫಿ ಎಂದರೆ ನಮಗೆ ಬೀಜದ ಲೆಕ್ಕ, ಅವಳು ನೋಡಿದರೆ ಸಿಪ್ಪೆಯನ್ನು ಕುಡಿಸುತ್ತಿದ್ದಳು. ಒಳ್ಳೆಯ ಬಣ್ಣ. ರುಚಿ ಮಾತ್ರ, ಗೋಣಿಚೀಲ ನೆನೆಹಾಕಿ ಜೇನು ಬೆರೆಸಿದ ಹಾಗೆ. ಶೃಂಗೇರಿಯ ಮರ್ಯಾದೆ ನೆನಪಿದ್ದುದರಿಂದ ಇಲ್ಲಿ ಯಾರೂ ಉಗುಳಲಿಲ್ಲ. ಒಂದು ಲೋಟವಾಯಿತು. ರೈಟರ ಹೆಂಡತಿಗೆ ಬೇಜಾರಾಗಬಾರದೆಂದು ಇನ್ನೊಂದಾಯಿತು. ಅವಳು ಕೊಟ್ಟ ನೀರಿನ ಪ್ಲಾಸ್ಟಿಕ್ ಬಾಟಲಿ ಮುಟ್ಟಿದರೆ ಚರಚರ ಎನ್ನುತ್ತಿತ್ತು.

ನನ್ನ ಗಂಡ ಕುಡಿದೇ ಸತ್ತದ್ದು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಆದರೆ ವಾಪಸ್ ಅದೇ ಜೀಪಿನಲ್ಲಿ ಕೂತಾಗ ಒಂದು ವಿಷಯ ಹೊಳೆಯಿತು. ಆ ಮನುಷ್ಯ ಅಷ್ಟು ವರ್ಷ ಕುಡಿದ, ಒಂದು ದಿನವೂ ರುಚಿ ನೋಡಲಿಲ್ಲ. ಏನು ಬೇಯಿಸಿ ಬಡಿಸಿದರೂ ಹಾಗೆಯೇ.

ಇಳಿಜಾರಿನಲ್ಲಿ ಗಿರಿಜ ನನ್ನ ಹೆಗಲ ಮೇಲೆ ತಲೆ ಹಾಕಿ ಗೊರಕೆ ಶುರು ಮಾಡಿದಳು. ಅವಳ ಸೊಂಟದ ಗಿಳಿ ಪ್ರತಿ ತಿರುವಿನಲ್ಲೂ ನನ್ನ ಪಕ್ಕೆಗೆ ಕುಕ್ಕುತ್ತಿತ್ತು. ಏಲಿಯಮ್ಮ ಆಚೆ ನೋಡುತ್ತಿದ್ದಳು. ಎರಡು ಬೆರಳು ಹಾಕಿ ಎಳೆದರೆ ಬಂದೇ ಬಿಡುತ್ತಿತ್ತು. ಸುಳ್ಳು ಹೇಳುವುದಿಲ್ಲ, ಬೆರಳು ಹಾಕಿದೆ. ಆಮೇಲೆ ತೆಗೆದೆ. ಕದ್ದ ಅಡಕತ್ತರಿಯಲ್ಲಿ ಅವಳ ಎದುರು ಕೂತು ಅಡಿಕೆ ಕತ್ತರಿಸಲಾಗುವುದಿಲ್ಲ. ಅವಳ ಎದುರು ಕತ್ತರಿಸದ ಮೇಲೆ ಅದು ನನ್ನ ಹತ್ತಿರ ಇದ್ದರೆಷ್ಟು, ಬಿಟ್ಟರೆಷ್ಟು?

ಕೊಪ್ಪದಲ್ಲಿ ಗಿರಿಜನ ಮಗಳ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಹತ್ತಿರದ ರಿಟೈರಾದ ಟೀಚರಮ್ಮನ ಮನೆಗೆ ಹೋದೆವು. ಅವರದು ಶುಂಠಿ ವೈನು. ಅವರು ಅದಕ್ಕೆ ಶರಬತ್ತು ಎನ್ನುತ್ತಾರೆ. ಒಂದು ಗುಟುಕಿಗೆ ಮೂಗಿನಲ್ಲಿ ನೀರು ಬಂತು, ಎರಡನೇ ಗುಟುಕಿಗೆ ನೆಗಡಿ ಹೋಯಿತು. ಟೀಚರಮ್ಮ ಸ್ಟೀಲಿನ ಫ್ಲಾಸ್ಕಿನಲ್ಲಿ ಹಾಕಿಕೊಟ್ಟು, "ಫ್ಲಾಸ್ಕ್ ವಾಪಸ್ ಬರಬೇಕು" ಎಂದು ಮೂರು ಸಲ ಹೇಳಿದರು. ಅದರ ಮುಚ್ಚಳ ತಿರುಗಿಸಿದರೆ ಬೆಕ್ಕಿನ ಬಾಲ ತುಳಿದ ಹಾಗೆ ಕಿರ್ ಎನ್ನುತ್ತಿತ್ತು.

ಭಾನುವಾರ ಮಧ್ಯಾಹ್ನ ನರಸಿಂಹರಾಜಪುರ. ಏಲಿಯಮ್ಮನ ಮನೆಯಲ್ಲಿ ಮೊದಲು ಅವಳ ಭರಣಿಯ ವೈನ್ ರುಚಿ ತೋರಿಸಿದರು. ಭರಣಿ ಉಗ್ರಾಣದ ಮೂಲೆಯಲ್ಲಿ. ಮೇಲಿನ ಪಿಂಗಾಣಿ ಮುಚ್ಚಳ ಸರಿಸಿದರೆ ಬೀಸುಕಲ್ಲು ತಿರುಗಿಸಿದಂತೆ ಗರ್ ಎಂದು ಮನೆಯೆಲ್ಲ ಕೇಳುತ್ತದೆ. ಒಳ್ಳೆಯ ವೈನು. ನಾಲ್ಕರಲ್ಲಿ ಅದೇ ಒಳ್ಳೆಯದು. ಸಿಹಿ, ಹುಳಿ, ಕೊನೆಗೆ ಒಂದು ಚೂರು ಚೊಗರು. ಅವಳ ಎದುರು ಹೇಳಲಿಲ್ಲ, ಸೊಕ್ಕು ಬಂದೀತು.

ಚಾಕೋ ಇಸ್ತ್ರಿ ಹಾಕಿದ ಬಿಳಿ ಶರಟು ಹಾಕಿಕೊಂಡು ಬಂದ. ಅರವತ್ತು ದಾಟಿದೆ, ಮೀಸೆಗೆ ಬಣ್ಣ. ನಮ್ಮ ಮುಂದೆ ಒಂದು ಸ್ಟೀಲ್ ಬೇಸಿನ್ ಇಟ್ಟು, ನಮ್ಮನ್ನೆಲ್ಲ ಅಕ್ಕಂದಿರು ಮಾಡಿಕೊಂಡು, "ನೋಡಿ ಚೇಚಿಯರೇ, ಮೊದಲು ಕಣ್ಣು, ಆಮೇಲೆ ಮೂಗು, ಆಮೇಲೆ ಬಾಯಿ, ಆಮೇಲೆ ಇದಕ್ಕೆ ಉಗುಳುವುದು" ಎಂದು ಕೈಯಾಡಿಸಿ ಹೇಳಿಕೊಟ್ಟ. ನಮಗೆ ಉಗುಳುವುದು ಹೇಳಿಕೊಟ್ಟ ಮೊದಲ ಮನುಷ್ಯ ಅವನೇ ಇರಬೇಕು. ಗಿರಿಜ ನಗು ತಡೆಯಲಾರದೆ ಸೆರಗು ಕಚ್ಚಿಕೊಂಡಳು.

ಆಮೇಲೆ ಅವಳೇ ನನ್ನ ಕಣ್ಣಿಗೆ ಬಟ್ಟೆ ಕಟ್ಟಿದಳು. ಎರಡು ಸುತ್ತು, ಬಿಗಿಯಾಗಿ.

"ಕಿವಿಗೂ ಹತ್ತಿ ಇಡ್ಬೇಕಾ?" ಎಂದಳು ಏಲಿಯಮ್ಮ.

"ಎಂತಕ್ಕೆ ದಂಡಕ್ಕೆ?" ಎಂದಳು ಗಿರಿಜ.

ನಾನು ಕಲ್ಲಿನ ಹಾಗೆ ಕೂತಿದ್ದೆ.

ಮೊದಲನೆಯದು ಬಂತು. ಮೇಜಿನ ಆಚೆ ಕಿರ್ ಎಂದಿತು. ನಾನು ಲೋಟ ಮೂಗಿಗೆ ಹಿಡಿದು, ಕಣ್ಣಿಗೆ ಕಟ್ಟಿದ್ದರೂ ಹುಬ್ಬು ಗಂಟಿಕ್ಕಿ, ಹೊರಳಿಸಿ, ಬೇಸಿನ್ನಿಗೆ ಉಗುಳಿ, ಬಹಳ ಯೋಚನೆ ಮಾಡಿದವಳಂತೆ, "ಕೊಪ್ಪದ ಟೀಚರಮ್ಮಂದು" ಎಂದೆ. ಶುಂಠಿಯನ್ನು ಯಾರು ಬೇಕಾದರೂ ಹೇಳುತ್ತಾರೆ ಎಂದು ಗಿರಿಜ ಗೊಣಗಿದಳು. ಎರಡನೆಯದಕ್ಕೆ ಕರಕರ. "ಭಟ್ರ ಔಷಧಿ." ಮೂರನೆಯದಕ್ಕೆ ಚರಚರ. "ಬಸರೀಕಟ್ಟೆ." ಚಾಕೋ ಚಪ್ಪಾಳೆ ತಟ್ಟಿದ. "ಎಂತ ನಾಲಿಗೆ ಚೇಚೀ ನಿಮ್ಮದು!" ಎಂದ. ನಿಜ ಹೇಳಬೇಕೆಂದರೆ ಎರಡು ದಿನ ಎಲೆ ಅಡಿಕೆ ಇಲ್ಲದೆ, ಶುಂಠಿಯ ಪೆಟ್ಟು ತಿಂದು, ನಾಲಿಗೆ ಬಾಯಲ್ಲಿ ಇದೆಯೋ ಇಲ್ಲವೋ ಎಂಬಂತಾಗಿತ್ತು.

ಇನ್ನು ಉಳಿದದ್ದು ಒಂದೇ, ಏಲಿಯಮ್ಮನದು. "ನೀ ಏಳ್ಬೇಡ, ನಿನ್ ಕಾಲು ನೋವು. ನಾ ತರ್ತೀನಿ" ಎಂದು ಏಲಿಯಮ್ಮನಿಗೆ ಹೇಳಿ ಗಿರಿಜ ಎದ್ದು ಉಗ್ರಾಣಕ್ಕೆ ಹೋದಳು. ನಾನು ಗರ್ ಎನ್ನುವ ಸದ್ದಿಗೆ ಕಾದೆ.

ಬರಲಿಲ್ಲ. ಲೋಟ ಬಂತು.

ಹೊರಳಿಸಿದೆ. ನಾಲಿಗೆ ಎದ್ದು ಕೂತಿತು. ಒಳಗೊಳಗೇ ಮಡಚಿಕೊಂಡಿತು, ಕೆನ್ನೆ ಹಲ್ಲಿಗೆ ಅಂಟಿತು. ಆದರೆ ಮೂರು ಮುಗಿದ ಮೇಲೆ ನಾಲ್ಕನೆಯದು ಏಲಿಯಮ್ಮನದೇ ಆಗಬೇಕಲ್ಲ ಎಂದು ತಲೆ ಹೇಳಿತು. ಅಷ್ಟರಲ್ಲಿ ಗಿರಿಜ ಚಾಕೋಗೂ ಅದನ್ನೇ ಕೊಟ್ಟಿದ್ದಳು. ಅವನು ಚಪ್ಪರಿಸಿದ ಸದ್ದು ಕೇಳಿತು.

"ಆಹಾ! ಚೇಚೀ, ಇದು ನಿಂದೇ. ಈ ವರ್ಷ ಎಂತ ಮಾಡಿದೆ? ಸರಿಯಾದ ಡ್ರೈ. ಇದಕ್ಕೆ ಬಾಡಿ ಉಂಟು, ಬಾಯಲ್ಲಿ ತೂಕ ಉಂಟು. ನಮ್ಮ ಹೋಟೆಲಲ್ಲಿ ದೊಡ್ಡ ದೊಡ್ಡವರು ಕುಡಿಯುತ್ತಿದ್ದದ್ದು ಇದೇ!"

ಏಲಿಯಮ್ಮ ಹೊಗಳಿಕೆಗೆ ಉಬ್ಬಿದಳು, ಕುರ್ಚಿ ಕಿರುಗುಟ್ಟಿತು. ಈಗ ನೀವೇ ಯೋಚನೆ ಮಾಡಿ. ಇದು ಅವಳದಲ್ಲ ಎಂದು ಹೇಳಿ ಅವಳದೇ ಆಗಿದ್ದರೆ, ಅಡಕತ್ತರಿಯೂ ಹೋಯಿತು, ಮೈಕೂ ಬಂತು, ಉಂಡ ಮನೆಗೆ ಅವಮಾನವೂ ಆಯಿತು. ಇನ್ನೊಂದು ಗುಟುಕು ಕುಡಿದೆ. ಈ ಸಲ ಉಗುಳಲಿಲ್ಲ, ನುಂಗಿದೆ. ಮೂವತ್ತು ವರ್ಷದ ಹಿಂದೆ ಒಮ್ಮೆ ತಲೆಯ ಮಾತು ಕೇಳಿದ್ದೆ.

"ಇದು ವೈನೇ ಅಲ್ಲ" ಎಂದೆ. "ಚೊಗರು. ಎರಡನೇ ಹಂಡೇದು. ನೀರು ಹಾಕಿ ಬೆಲ್ಲ ಕಲಸಿದಾಳೆ. ಬೆಲ್ಲ ಹೊಗೆ ವಾಸ್ನೆ ಬರ್ತಿದೆ, ಗಿರಿಜನ ಒಲೆ ಮೇಲಿನ ಡಬ್ಬೀದು."

ಕಣ್ಣಿನ ಬಟ್ಟೆ ನಾನೇ ಕಿತ್ತೆ. ಏಲಿಯಮ್ಮ ಲೋಟ ಮೂಸಿ ನೋಡಿ, "ಗಿರಿಜಾ!" ಎಂದಳು. ಗಿರಿಜ ಮಡಿಲಿನಿಂದ ಒಂದು ಚಿಕ್ಕ ಎಣ್ಣೆ ಸೀಸೆ ತೆಗೆದು ಮೇಜಿನ ಮೇಲಿಟ್ಟಳು. ತಳದಲ್ಲಿ ಇನ್ನೂ ಕೆಂಪಗೆ ಉಳಿದಿತ್ತು. ಊರಿಂದಲೇ ತುಂಬಿಸಿಕೊಂಡು, ಎರಡು ದಿನ, ಮೂರು ಬಸ್ಸು, ಒಂದು ಜೀಪು, ಚೆಲ್ಲದೆ ತಂದಿದ್ದಳು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಏಲಿಯಮ್ಮನೂ ನಕ್ಕಳು. ಚಾಕೋ ಮಾತ್ರ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದ.

"ಆದರೂ ಬಾಡಿ ಉಂಟು" ಎಂದ.

ಗಿರಿಜ ಸೊಂಟದಿಂದ ಅಡಕತ್ತರಿ ಎಳೆದು ನನ್ನ ಮುಂದೆ ಕುಕ್ಕಿದಳು.

"ಆವತ್ತೂ ಎರಡು ಬಟ್ಲಲ್ಲೂ ಒಂದೇ ಹಂಡೇದು, ಅಲ್ದನೇ?" ಎಂದೆ.

"ಹೌದು ಮಾರಾಯ್ತಿ. ಮೂವತ್ತು ವರ್ಷ ಆತು. ಈಗ ಎಂತ ಹೊಸದಾಗಿ ಕೇಳ್ತೀಯ? ಬೇಗ ಒಂದು ಅಡಿಕೆ ಕತ್ರಿಸು, ಎರಡು ದಿನದಿಂದ ನಿನ್ ಮುಖ ನೋಡಕ್ಕಾಗ್ತಿಲ್ಲ."

ಅಡಕತ್ತರಿಯ ಬಾಯಿ ಮೊಂಡಾಗಿದೆ. ಮೂವತ್ತು ವರ್ಷ ಸಾಣೆ ಕಾಣಿಸಿಲ್ಲ ಆ ಹೆಂಗಸು. ಗಿಳಿಯ ಒಂದು ಕಣ್ಣೂ ಹೋಗಿದೆ. ಆದರೂ ಕತ್ತರಿಸುತ್ತದೆ. ಟೀಚರಮ್ಮನ ಫ್ಲಾಸ್ಕನ್ನು ವಾಪಸ್ ಕೊಟ್ಟೆವು. ಚಾಕೋ, ಆ ಕೊನೆಯದು ಇನ್ನೊಂದು ಬಾಟಲಿ ಸಿಗುತ್ತದೆಯೇ ಎಂದು ಏಲಿಯಮ್ಮನ ಕೈಯಲ್ಲಿ ಹೇಳಿ ಕಳಿಸಿದ್ದ. ಕಳಿಸಿದೆವು.

ಈಗ ದಿನವೂ ಊಟವಾದ ಮೇಲೆ ಗಿರಿಜ ನನ್ನ ಜಗಲಿಗೆ ಬರುತ್ತಾಳೆ. ನಾನು ಎಲೆ ಒರೆಸಿ, ಸುಣ್ಣ ಹಚ್ಚಿ, ಅವಳ ಎದುರೇ ಅಡಿಕೆ ಕತ್ತರಿಸುತ್ತೇನೆ.

"ನಂಗೊಂದು ಹೋಳು ಕೊಡೇ" ಎನ್ನುತ್ತಾಳೆ ಕೈ ಒಡ್ಡಿ.

ನಾನು ಸುಮ್ಮನಿರುತ್ತೇನೆ.

"ಒಂದು ಹೋಳು ಕೊಡೇ ಮಾರಾಯ್ತೀ!" ಎಂದು ಕಿವಿಯ ಹತ್ತಿರ ಬಗ್ಗಿ ಕೂಗುತ್ತಾಳೆ.

ಮೂರನೆಯ ಸಲಕ್ಕೆ ಕೊಡುತ್ತೇನೆ. ಪಾಪ, ನನಗೆ ಕಿವಿ ಕೇಳಿಸುವುದಿಲ್ಲ ಎಂದು ಅವಳು ಇನ್ನೂ ನಂಬಿದ್ದಾಳೆ.